ಸೂಪರಿಂಟೆಂಡೆಂಟರ ಪತ್ರಗಳಲ್ಲಿ ಕಾಣುವ ಆಸ್ಪತ್ರೆ

19ನೇ ಶತಮಾನದ ಮಾನಸಿಕ ಆಸ್ಪತ್ರೆಗಳ ಆಡಳಿತವನ್ನು ಅರಿಯಲು ವಾರ್ಷಿಕ ವರದಿಗಳು ಸಾಲವೇ, ಸೂಪರಿಂಟೆಂಡೆಂಟರ ಪತ್ರಗಳನ್ನೇಕೆ ಓದಬೇಕು ಎಂದು ಕೇಳಿದ್ದೀರಿ. ಸೇರಿದವರೆಷ್ಟು, ಗುಣವಾದವರೆಷ್ಟು, ತೀರಿಕೊಂಡವರೆಷ್ಟು ಎಂಬ ಲೆಕ್ಕ ವರದಿಯಲ್ಲಿ ಸಿಗುತ್ತದೆ. ಆ ಆಸ್ಪತ್ರೆ ಯಾರ ನಂಬಿಕೆಯ ಮೇಲೆ ನಿಂತಿತ್ತೆಂಬುದು ಪತ್ರಗಳಲ್ಲಿ ತಿಳಿಯುತ್ತದೆ.

ನನಗೆ ಹೆಚ್ಚು ಪರಿಚಿತವಾದದ್ದು ಅಮೆರಿಕದ ಫಿಲಡೆಲ್ಫಿಯಾದ ಥಾಮಸ್ ಕಿರ್ಕ್‌ಬ್ರೈಡ್ ಅವರ ಉದಾಹರಣೆ. 1751ರಲ್ಲಿ ಸ್ಥಾಪನೆಯಾದ ಪೆನ್ಸಿಲ್ವೇನಿಯಾ ಆಸ್ಪತ್ರೆಯು ಮಾನಸಿಕ ರೋಗಿಗಳಿಗಾಗಿಯೇ ಊರಾಚೆ ಕಟ್ಟಿಸಿದ ಹೊಸ ಆಸ್ಪತ್ರೆ 1841ರಲ್ಲಿ ತೆರೆದಾಗ ಅದರ ಹೊಣೆ ಹೊತ್ತ ಅವರು, 1883ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ನಡೆಸಿದರು. ಚಿಕಿತ್ಸೆ, ಸಿಬ್ಬಂದಿ, ಕಟ್ಟಡ, ತೋಟ ಎಲ್ಲವೂ ಒಬ್ಬ ವೈದ್ಯನ ಕೈಯಲ್ಲೇ ಇರಬೇಕೆಂಬುದು ಅವರ ದೃಢವಾದ ನಿಲುವಾಗಿತ್ತು.

ಅವರಿಗೆ ಮನೆಯವರಿಂದ ಬರುತ್ತಿದ್ದ ಪತ್ರಗಳೇ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದವು. ಊಟ ಮಾಡುತ್ತಿದ್ದಾರೆಯೇ, ನಿದ್ದೆ ಬರುತ್ತಿದೆಯೇ, ನೋಡಲು ಯಾವಾಗ ಬರಬಹುದು, ಶುಲ್ಕ ಸ್ವಲ್ಪ ಕಡಿಮೆಯಾದೀತೇ ಎಂಬ ಪ್ರಶ್ನೆಗಳಿಗೆ ಸಮಾಧಾನ ಹೇಳುವುದೂ ಅವರ ಆಡಳಿತದ ಭಾಗವೇ ಆಗಿತ್ತು, ಏಕೆಂದರೆ ಮನೆಯವರ ವಿಶ್ವಾಸ ಕಳೆದುಹೋದರೆ ರೋಗಿಯನ್ನು ಅರ್ಧದಲ್ಲೇ ಕರೆದೊಯ್ಯುತ್ತಿದ್ದರು. ರೋಗಿಗೆ ಸುಳ್ಳು ಹೇಳಿ ಆಸ್ಪತ್ರೆಗೆ ಕರೆತರಬಾರದೆಂದು ಕಿರ್ಕ್‌ಬ್ರೈಡ್ ಒತ್ತಿ ಹೇಳುತ್ತಿದ್ದರು. ಇದನ್ನು ಓದಿದಾಗ ನನಗೆ ಬಹಳ ಸಂಕಟವಾಯಿತು: ನಮ್ಮ ಚಿಕ್ಕಮ್ಮನನ್ನು ದೇವಸ್ಥಾನಕ್ಕೆ ಹೋಗೋಣ ಎಂದು ಹೇಳಿಯೇ ನಾವು ಆಸ್ಪತ್ರೆಗೆ ಸೇರಿಸಿದ್ದೆವು, ಅವರು ಆ ಮಾತನ್ನು ವರ್ಷಗಟ್ಟಲೆ ಮರೆಯಲಿಲ್ಲ.

1844ರಲ್ಲಿ ಹದಿಮೂರು ಮಂದಿ ಸೂಪರಿಂಟೆಂಡೆಂಟರು ಫಿಲಡೆಲ್ಫಿಯಾದಲ್ಲಿ ಸೇರಿ ತಮ್ಮದೇ ಸಂಘ ಕಟ್ಟಿದರು. ಒಂದು ಆಸ್ಪತ್ರೆಯಲ್ಲಿ 250ಕ್ಕಿಂತ ಹೆಚ್ಚು ರೋಗಿಗಳಿರಬಾರದೆಂದು ಹೇಳುತ್ತಿದ್ದ ಆ ಸಂಘ 1866ರಲ್ಲಿ ಮಿತಿಯನ್ನು 600ಕ್ಕೆ ಏರಿಸಿತು. ಹಣಕಾಸಿನ ದೃಷ್ಟಿಯಿಂದ ಇದನ್ನು ಅರ್ಥಮಾಡಿಕೊಳ್ಳಬಹುದು. ಆದರೆ ಪ್ರತಿ ರೋಗಿಯನ್ನೂ ಅವರ ಮನೆಯವರನ್ನೂ ಒಬ್ಬನೇ ವೈದ್ಯ ಬಲ್ಲವನಾಗಿರಬೇಕೆಂಬ ಮೂಲ ಕಲ್ಪನೆ ಅಲ್ಲಿಗೇ ಮುರಿದುಬಿತ್ತೆಂದು ನನಗೆ ತೋರುತ್ತದೆ.

ಓದುವಾಗ ಒಂದು ಎಚ್ಚರಿಕೆ ಅಗತ್ಯ. ಈ ಕಡತಗಳಲ್ಲಿ ರೋಗಿಯ ಮಾತಿಗಿಂತ ರೋಗಿಯ ಕುರಿತ ಮಾತೇ ಹೆಚ್ಚು. ಅನೇಕ ಆಸ್ಪತ್ರೆಗಳಲ್ಲಿ ರೋಗಿಗಳು ಬರೆದ ಪತ್ರ ಹೊರಗೆ ಹೋಗಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುತ್ತಿದ್ದವರೂ ಸೂಪರಿಂಟೆಂಡೆಂಟರೇ. ಪಾದ್ರಿಯಾಗಿದ್ದ ಗಂಡನ ಮಾತಿನ ಮೇಲೆ 1860ರಲ್ಲಿ ಇಲಿನಾಯ್ ರಾಜ್ಯದ ಆಸ್ಪತ್ರೆಗೆ ಸೇರಿಸಲ್ಪಟ್ಟು, ಮೂರು ವರ್ಷ ಅಲ್ಲಿ ಕಳೆದ ಎಲಿಜಬೆತ್ ಪ್ಯಾಕರ್ಡ್ ಬಿಡುಗಡೆಯಾದ ಮೇಲೆ ಇದೇ ಅಧಿಕಾರದ ವಿರುದ್ಧ ಹೋರಾಡಿದರು. ಅವರ ಪ್ರಯತ್ನದಿಂದ 1872ರಲ್ಲಿ ಅಯೋವಾ ರಾಜ್ಯವು, ರೋಗಿಗಳು ಆಸ್ಪತ್ರೆಯವರ ತಡೆಯಿಲ್ಲದೆ ಹೊರಗೆ ಪತ್ರ ಬರೆಯುವ ಹಕ್ಕನ್ನು ಕಾನೂನಿನಲ್ಲೇ ಸೇರಿಸಿತು.