‘ಪೇಷಂಟ್ ಕಡೆಯವರು ಯಾರು?’

ಪ್ರಿಯ ಸೋದರಿ,

ನಿಮ್ಮ ಪತ್ರ ಬಂದು ಹನ್ನೆರಡು ದಿನವಾಯಿತು. ಉತ್ತರಕ್ಕೆ ಇಷ್ಟು ದಿನ ಹಿಡಿದದ್ದು ಕೆಲಸದ ಒತ್ತಡದಿಂದಲ್ಲ. ನಾಲ್ಕು ಸಲ ಬರೆದು ಹರಿದು ಹಾಕಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಕುಮಟಾ ಕಡೆಯವರು ಎಂದಷ್ಟೇ ಓದುಗರಿಗೆ ಗೊತ್ತಾದರೆ ಸಾಕು.

ನೀವು ಬರೆದದ್ದನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಮ್ಮ ಅಪ್ಪನಿಗೆ ಎಪ್ಪತ್ತೊಂಬತ್ತು. ಶ್ವಾಸಕೋಶದ ಹಳೆಯ ಕಾಯಿಲೆ, ಜೊತೆಗೆ ಹೃದಯವೂ ಸೋತಿತ್ತು. ವರ್ಷದಲ್ಲಿ ನಾಲ್ಕನೇ ಸಲ ಆಸ್ಪತ್ರೆ. ದೂರದ ಊರಿನ ದೊಡ್ಡ ಆಸ್ಪತ್ರೆಯ ಐಸಿಯುನಲ್ಲಿ ಒಂಬತ್ತನೇ ರಾತ್ರಿ, ಒಂದೂವರೆಗೆ, ಬಾಗಿಲು ತೆರೆದು ‘ಪೇಷಂಟ್ ಕಡೆಯವರು ಯಾರು?’ ಎಂದು ಕೂಗಿದರು. ನೀವು ಚಾಪೆಯಿಂದ ಎದ್ದು ಹೋದಿರಿ. ಡ್ಯೂಟಿ ಡಾಕ್ಟರು ನಿಂತಲ್ಲೇ ಒಂದು ಫಾರ್ಮ್ ಕೊಟ್ಟು, ‘ಹೃದಯ ನಿಂತರೆ ಸಿಪಿಆರ್ ಮಾಡಬೇಕಾ ಬೇಡವಾ, ಬರೆದು ಸಹಿ ಹಾಕಿ’ ಎಂದರು. ಸಿಪಿಆರ್ ಎಂದರೆ ನಿಂತ ಹೃದಯ ಮತ್ತೆ ಹೊಡೆದುಕೊಳ್ಳಲೆಂದು ಎದೆ ಒತ್ತಿ, ಉಸಿರು ಕೊಡುವುದು. ಮಸ್ಕತ್ತಿನಲ್ಲಿರುವ ಅಣ್ಣನಿಗೆ ಫೋನ್ ಮಾಡಿದಿರಿ. ‘ಏನೇನಿದೆಯೋ ಎಲ್ಲ ಮಾಡಿಸು’ ಎಂದರು ಅವರು. ನೀವು ಸ್ವಲ್ಪ ಹೊತ್ತು ನಿಂತು, ‘ಬೇಡ’ ಎಂದು ಬರೆದು ಸಹಿ ಹಾಕಿದಿರಿ. ಬೆಳಗಿನ ಜಾವ ಅಪ್ಪ ಹೋದರು. ಅದಾಗಿ ಹತ್ತು ತಿಂಗಳಿಗೆ ನಮ್ಮ ಪತ್ರಿಕೆಯಲ್ಲಿ ‘ಎದೆ ಒತ್ತಿ, ಜೀವ ಉಳಿಸಿ’ ಎಂಬ ಲೇಖನ ಓದಿದಿರಿ. ‘ಹಾಗಾದರೆ ಅಪ್ಪನನ್ನು ಕೊಂದವಳು ನಾನೇ ಅಲ್ಲವೆ?’ ಎಂದು ಕೇಳಿದ್ದೀರಿ.

ಅಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಉಳಿದ ಮಾತೆಲ್ಲ ಆಮೇಲೆ.

ಎರಡನೆಯದು, ತಪ್ಪು ನಮ್ಮ ಲೇಖನದಲ್ಲಿತ್ತು. ಅದರಲ್ಲಿ ಬರೆದದ್ದೆಲ್ಲ ಸರಿ, ಆದರೆ ಹೇಳಲೇಬೇಕಾದ ಒಂದು ಮಾತು ಬಿಟ್ಟುಹೋಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಚೆನ್ನಾಗಿದ್ದ ಮನುಷ್ಯ ಇದ್ದಕ್ಕಿದ್ದಂತೆ ಕುಸಿದು ಬಿದ್ದರೆ ಅದು ಬೇರೆ. ಅಲ್ಲಿ ಒಂದೊಂದು ನಿಮಿಷಕ್ಕೂ ಬೆಲೆ, ಎದೆ ಒತ್ತುವುದನ್ನು ಎಲ್ಲರೂ ಕಲಿಯಲೇಬೇಕು. ವರ್ಷಗಟ್ಟಲೆಯ ಕಾಯಿಲೆಯಿಂದ ಒಂದೊಂದೇ ಅಂಗ ಸೋಲುತ್ತ ಬಂದು ಕೊನೆಗೆ ಹೃದಯ ನಿಲ್ಲುವುದು ಬೇರೆ. ಮೊದಲನೆಯದರಲ್ಲಿ ಹೃದಯ ನಿಂತದ್ದೇ ಸಾವಿಗೆ ಕಾರಣ. ಎರಡನೆಯದರಲ್ಲಿ ಸಾವು ಮೊದಲೇ ಬಂದಾಗಿರುತ್ತದೆ, ಹೃದಯ ಕಡೆಗೆ ನಿಲ್ಲುತ್ತದೆ. ಈ ವ್ಯತ್ಯಾಸಕ್ಕೆ ನಾವು ಎರಡು ಸಾಲು ಕೊಟ್ಟಿದ್ದರೆ ನಿಮಗೆ ಈ ಸಂಕಟ ಇರುತ್ತಿರಲಿಲ್ಲ. ಕ್ಷಮೆ ಕೇಳುತ್ತೇನೆ.

ಸಿಪಿಆರ್ ಹುಟ್ಟಿದ್ದೂ ಆ ಮೊದಲ ಬಗೆಯ ಸಾವನ್ನು ತಡೆಯಲಿಕ್ಕೇ. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವಿಲಿಯಂ ಕೌವೆನ್‌ಹೋವನ್ ಎಂಬ ಎಲೆಕ್ಟ್ರಿಕಲ್ ಎಂಜಿನಿಯರ್ ಇದ್ದರು. ಲಯ ತಪ್ಪಿ ಅದುರುತ್ತಿರುವ ಹೃದಯಕ್ಕೆ ಕರೆಂಟಿನ ಹೊಡೆತ ಕೊಡುವ ಯಂತ್ರದ ಮೇಲೆ ಅವರ ಗುಂಪು ಕೆಲಸ ಮಾಡುತ್ತಿತ್ತು. ನಾಯಿಯ ಎದೆಯ ಮೇಲೆ ಯಂತ್ರದ ಭಾರದ ಹಿಡಿಗಳನ್ನು ಒತ್ತಿದಾಗ, ಕರೆಂಟು ಕೊಡುವ ಮೊದಲೇ ರಕ್ತದೊತ್ತಡ ತುಸು ಏರುವುದನ್ನು ನಿಕರ್‌ಬಾಕರ್ ಎಂಬ ಯುವಕ ಗಮನಿಸಿದ. ಒತ್ತಿದರೇ ರಕ್ತ ಹರಿಯುತ್ತದೆ ಎಂಬುದು ಹೊಳೆದದ್ದು ಹಾಗೆ. 1960ರಲ್ಲಿ ಅವರು ಪ್ರಕಟಿಸಿದ ಮೊದಲ ವರದಿಯಲ್ಲಿ 20 ರೋಗಿಗಳಿದ್ದರು, 14 ಮಂದಿ ಬದುಕಿದರು. ಅವರಲ್ಲಿ ಹಲವರಿಗೆ ಹೃದಯ ನಿಂತದ್ದು ಆಪರೇಷನ್ ಹೊತ್ತಿನಲ್ಲಿ, ಅರಿವಳಿಕೆಯಿಂದ. ಎಂದರೆ ಮಿಕ್ಕ ದೇಹ ಬದುಕಲು ತಯಾರಿದ್ದವರು. ಅಲ್ಲಿಂದ ಈ ಪದ್ಧತಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಹರಡಿ, ಸಾಯುತ್ತಿರುವ ಪ್ರತಿಯೊಬ್ಬರಿಗೂ ಮಾಡಲೇಬೇಕಾದ ಕೊನೆಯ ವಿಧಿಯಂತೆ ಆಗಿಹೋಯಿತು.

ನಮ್ಮ ಮನಸ್ಸಿನಲ್ಲಿರುವ ಚಿತ್ರ ಮಾತ್ರ ಟೀವಿಯದು. ಅಮೆರಿಕದ ಆಸ್ಪತ್ರೆ ಧಾರಾವಾಹಿಗಳನ್ನು ಕೂತು ನೋಡಿ ಲೆಕ್ಕ ಹಾಕಿದ ಒಂದು ಅಧ್ಯಯನ 1996ರಲ್ಲಿ ಬಂತು. ತೆರೆಯ ಮೇಲೆ ಸಿಪಿಆರ್ ಆದವರಲ್ಲಿ ಮೂರಕ್ಕೆ ಇಬ್ಬರು ಬದುಕಿ ಮನೆಗೆ ಹೋಗುತ್ತಿದ್ದರು! ನಿಜದ ಲೆಕ್ಕ 2009ರಲ್ಲಿ ಬಂತು. ಆಸ್ಪತ್ರೆಯಲ್ಲೇ ಹೃದಯ ನಿಂತು ಸಿಪಿಆರ್ ಆದ, 65 ದಾಟಿದ 4 ಲಕ್ಷಕ್ಕೂ ಹೆಚ್ಚು ಅಮೆರಿಕನ್ನರ ದಾಖಲೆ ಅದು. ಜೀವಂತ ಆಸ್ಪತ್ರೆ ಬಿಟ್ಟವರು ನೂರಕ್ಕೆ 18 ಮಂದಿ. ವಯಸ್ಸು ಏರಿದಂತೆ ಅದೂ ಇಳಿಯುತ್ತದೆ. ಒಂಬತ್ತು ದಿನ ಐಸಿಯುನಲ್ಲಿದ್ದು, ಶ್ವಾಸಕೋಶ, ಹೃದಯ ಎರಡೂ ಕೈಕೊಟ್ಟಿದ್ದವರಿಗೆ ಆ ಹದಿನೆಂಟರೊಳಗೆ ಸೇರುವ ದಾರಿ ಬಹಳ ಕಿರಿದು.

ಇದನ್ನು ನಾನು ಬರೀ ಓದಿ ಹೇಳುತ್ತಿಲ್ಲ. ನನ್ನ ಅಮ್ಮ ಎಂಬತ್ತೆರಡಕ್ಕೆ ಹೀಗೆಯೇ ಒಂದು ಐಸಿಯುನಲ್ಲಿದ್ದರು. ನಮ್ಮನ್ನು ಕೇಳಿದಾಗ ನಾವು ಮೂವರು ಮಕ್ಕಳೂ ಒಂದೇ ದನಿಯಲ್ಲಿ ‘ಎಲ್ಲ ಮಾಡಿ’ ಎಂದೆವು. ಮಾಡಿದರು. ಪಕ್ಕೆಲುಬು ಮುರಿದವು, ಹೃದಯ ಮತ್ತೆ ಹೊಡೆದುಕೊಂಡಿತು, ಅಮ್ಮ ಕಣ್ಣು ಬಿಡಲಿಲ್ಲ. ಆರು ದಿನ ವೆಂಟಿಲೇಟರ್. ಕೊನೆಯ ದಿನ ಅಕ್ಕ ಸಣ್ಣ ತಾಮ್ರದ ಗಿಂಡಿಯಲ್ಲಿ ತುಳಸಿ ನೀರು ತಂದಿದ್ದಳು. ಬಿಡುವುದಕ್ಕೆ ಬಾಯಿ ಇರಲಿಲ್ಲ. ಬಾಯಿ ತುಂಬ ನಳಿಕೆ, ಅದನ್ನು ಬಿಗಿದ ಬಿಳಿ ಟೇಪು ಎರಡೂ ಕೆನ್ನೆಯ ಮೇಲೆ. ಅಕ್ಕ ಬೆರಳು ಅದ್ದಿ, ಟೇಪಿನ ಅಂಚಿನಲ್ಲಿ ಕಾಣುತ್ತಿದ್ದಷ್ಟು ತುಟಿಗೆ ಸವರಿದಳು. ನೀರು ಟೇಪಿನ ಮೇಲೆ ಇಳಿದು ದಿಂಬಿಗೆ ಹೋಯಿತು. ಆ ವೈದ್ಯರ ಮೇಲೆ ನನಗೆ ಸಿಟ್ಟಿಲ್ಲ. ನಾವು ಕೇಳಿದ್ದನ್ನೇ ಅವರು ಮಾಡಿದರು. ನಾವೇನು ಕೇಳುತ್ತಿದ್ದೇವೆ ಎಂಬುದನ್ನು ಅದಕ್ಕೆ ಮುಂಚೆ ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ.

ನಿಮ್ಮ ಕತೆಯಲ್ಲೂ ನನಗೆ ಕಾಣುವ ಲೋಪ ಅದೇ. ನಿಮ್ಮ ಸಹಿಯಲ್ಲಿ ತಪ್ಪಿಲ್ಲ. ತಪ್ಪು ಇರುವುದು ಆ ಹೊತ್ತಿನಲ್ಲಿ, ಆ ಕಾರಿಡಾರಿನಲ್ಲಿ, ಆ ಪ್ರಶ್ನೆಯಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲೇ ಇದಕ್ಕೆ ಮಾರ್ಗಸೂಚಿ ಕೊಟ್ಟಿದೆ. ಸಿಪಿಆರ್‌ನಿಂದ ಈ ರೋಗಿಗೆ ಉಪಯೋಗವಿದೆಯೇ ಎಂದು ಮೊದಲು ತೂಗಿ ನೋಡಬೇಕಾದವರು ಚಿಕಿತ್ಸೆ ಕೊಡುತ್ತಿರುವ ವೈದ್ಯರು. ರೋಗಿಗೆ ತಿಳಿವಳಿಕೆ ಇದ್ದರೆ ಅವರೊಂದಿಗೆ, ಇಲ್ಲದಿದ್ದರೆ ಮನೆಯವರೊಂದಿಗೆ ವಿವರವಾಗಿ ಮಾತಾಡಬೇಕು. ‘ಸಿಪಿಆರ್ ಬೇಡ’ ಎಂದರೆ ಅದೊಂದೇ ಬೇಡ. ಔಷಧ, ಆಮ್ಲಜನಕ, ನೋವು ಕಡಿಮೆ ಮಾಡುವ ಉಪಚಾರ ಎಲ್ಲವೂ ಮುಂದುವರಿಯಬೇಕು. ಈ ತೂಕದ ಕೆಲಸವನ್ನೆಲ್ಲ ರಾತ್ರಿ ಒಂದೂವರೆಗೆ ನಿದ್ದೆಗೆಟ್ಟ ಮಗಳ ತಲೆಯ ಮೇಲೆ ಹೊರಿಸಿದ್ದು ನ್ಯಾಯವಲ್ಲ.

ಇದು ನಮ್ಮ ದೇಶದ ಬಡತನದಿಂದ ಮಾತ್ರ ಆಗುವುದು ಎಂದುಕೊಳ್ಳಬೇಡಿ. ಅಮೆರಿಕದ 5 ದೊಡ್ಡ ಆಸ್ಪತ್ರೆಗಳಲ್ಲಿ 9,105 ಕಠಿಣ ರೋಗಿಗಳನ್ನು ಹಿಂಬಾಲಿಸಿದ ಸಂಶೋಧನೆ 1995ರಲ್ಲಿ ಹೊರಬಂತು. ತಮ್ಮ ರೋಗಿಗೆ ಸಿಪಿಆರ್ ಬೇಡವಾಗಿತ್ತು ಎಂಬುದು ಅರ್ಧಕ್ಕಿಂತ ಹೆಚ್ಚು ವೈದ್ಯರಿಗೆ ಗೊತ್ತೇ ಇರಲಿಲ್ಲ. ‘ಬೇಡ’ ಎಂಬ ಆದೇಶಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟನ್ನು ಬರೆದದ್ದು ಸಾವಿಗೆ ಎರಡು ದಿನದ ಒಳಗೆ. ಇದನ್ನು ಸರಿಪಡಿಸಲು ಎರಡನೇ ಹಂತದಲ್ಲಿ ಅವರು ನರ್ಸುಗಳನ್ನು ನೇಮಿಸಿದರು, ಬದುಕುಳಿಯುವ ಸಾಧ್ಯತೆಯ ಅಂದಾಜನ್ನು ವೈದ್ಯರ ಕೈಗೇ ಕೊಟ್ಟರು. ಆದರೂ ಏನೂ ಸುಧಾರಿಸಲಿಲ್ಲ. ಮಾಹಿತಿಯ ಕೊರತೆಯೊಂದೇ ರೋಗವಾಗಿದ್ದರೆ ಇದಕ್ಕೆ ಗುಣವಾಗಬೇಕಿತ್ತು.

ಫ್ರಾನ್ಸಿನ 22 ಐಸಿಯುಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನನಗೆ ತುಂಬ ಹತ್ತಿರವಾದದ್ದು. ಸಾಯುತ್ತಿರುವ 126 ರೋಗಿಗಳ ಮನೆಯವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನೊಂದಿಗೆ ಎಂದಿನಂತೆ ಮಾತು. ಇನ್ನೊಂದು ಗುಂಪನ್ನು ಪ್ರತ್ಯೇಕ ಕೋಣೆಯಲ್ಲಿ ಕೂರಿಸಿ ಮಾತಾಡಿದರು, ಕೈಗೊಂದು ಪುಸ್ತಿಕೆ ಕೊಟ್ಟರು, ವೈದ್ಯರಿಗೆ ಮೊದಲೇ ‘ಅವರ ಮಾತು ಕೇಳಿಸಿಕೊಳ್ಳಿ, ಅಳುವುದಕ್ಕೆ ಬಿಡಿ, ಆ ರೋಗಿ ಎಂಥ ಮನುಷ್ಯರಾಗಿದ್ದರು ಎಂದು ಕೇಳಿ’ ಎಂದು ಕಲಿಸಿದ್ದರು. ವ್ಯತ್ಯಾಸ ಎಷ್ಟು ಹೊತ್ತಿನದು ಗೊತ್ತೆ? ಎಂದಿನ ಸಭೆ 20 ನಿಮಿಷ, ಇದು 30 ನಿಮಿಷ. ಎಂದಿನ ಸಭೆಯಲ್ಲಿ ಮನೆಯವರು ಬಾಯಿ ಬಿಟ್ಟದ್ದು 5 ನಿಮಿಷ, ಇಲ್ಲಿ 14 ನಿಮಿಷ. ಮೂರು ತಿಂಗಳ ಬಳಿಕ ವಿಚಾರಿಸಿದಾಗ, ಆಘಾತದ ಲಕ್ಷಣಗಳಿಂದ ನರಳುತ್ತಿದ್ದವರು ಮೊದಲ ಗುಂಪಿನಲ್ಲಿ ನೂರಕ್ಕೆ 69, ಎರಡನೆಯದರಲ್ಲಿ 45. ಹೆಚ್ಚಿಗೆ ಕೊಟ್ಟದ್ದು ಹತ್ತು ನಿಮಿಷ. ಹತ್ತು ತಿಂಗಳಿಂದ ನಿಮ್ಮನ್ನು ನಿದ್ದೆಯಿಂದ ಎಬ್ಬಿಸುತ್ತಿರುವುದು ಆ ರಾತ್ರಿ ನಿಮಗೆ ಸಿಗದೇಹೋದ ಆ ಹತ್ತು ನಿಮಿಷ ಎಂದೇ ನಾನು ನಂಬಿದ್ದೇನೆ.

ಕಾನೂನು ಏನು ಹೇಳುತ್ತದೆ, ನಾಳೆ ಯಾರಾದರೂ ಕೇಸು ಹಾಕಬಹುದೇ ಎಂಬ ಭಯವೂ ನಿಮ್ಮ ಪತ್ರದಲ್ಲಿದೆ. ಇದರ ಬೇರು ನಿಮ್ಮ ಸೀಮೆಯಲ್ಲೇ ಇದೆ. ಕುಮಟಾದಿಂದ ಹೊನ್ನಾವರಕ್ಕೆ ಹೋಗುವಾಗ ಹಳದೀಪುರ ಸಿಗುತ್ತದಲ್ಲ, ಅರುಣಾ ಶಾನಭಾಗ ಆ ಊರಿನ ಮಗಳು. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವರ ಮೇಲೆ 1973ರ ನವೆಂಬರ್‌ನಲ್ಲಿ ಅದೇ ಆಸ್ಪತ್ರೆಯಲ್ಲಿ ಹಲ್ಲೆ ನಡೆಯಿತು. ಆಮೇಲೆ 41 ವರ್ಷಕ್ಕೂ ಹೆಚ್ಚು ಕಾಲ ಅವರು ಹಾಸಿಗೆಯಲ್ಲೇ ಉಳಿದರು. ಆಹಾರ ನಿಲ್ಲಿಸಿ ಅವರನ್ನು ಹೋಗಗೊಡಬೇಕು ಎಂಬ ಅರ್ಜಿ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಮಾರ್ಚ್‌ನಲ್ಲಿ ಕೋರ್ಟು ಆ ಅರ್ಜಿಯನ್ನು ತಳ್ಳಿಹಾಕಿತು, ಅವರ ಪರವಾಗಿ ಮಾತಾಡುವ ಹಕ್ಕು ಅಷ್ಟು ವರ್ಷ ಮೈತೊಳೆದು ಉಣಿಸಿದ ಕೆಇಎಂ ಸಿಬ್ಬಂದಿಗೇ ಸೇರಿದ್ದು ಎಂದಿತು. ಅದೇ ತೀರ್ಪಿನಲ್ಲಿ, ಹೈಕೋರ್ಟಿನ ಒಪ್ಪಿಗೆಯಿದ್ದರೆ ಜೀವರಕ್ಷಕ ಚಿಕಿತ್ಸೆ ಹಿಂತೆಗೆಯಬಹುದು ಎಂಬ ಬಾಗಿಲನ್ನೂ ತೆರೆಯಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು.

2018ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ಆದರೆ ಅದಕ್ಕೆ ಹಾಕಿದ ವಿಧಾನ ಎಷ್ಟು ಜಟಿಲವಾಗಿತ್ತೆಂದರೆ ಯಾರೂ ಅದರ ಗೊಡವೆಗೇ ಹೋಗಲಿಲ್ಲ. 2023ರ ಜನವರಿಯಲ್ಲಿ ಅದನ್ನು ಸಡಿಲಿಸಿದರು. ಈಗ ಯಾವುದೇ ವಯಸ್ಕರು ಆರೋಗ್ಯವಾಗಿರುವಾಗಲೇ, ಮುಂದೆ ತಮಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬ ಮುಂಗಡ ನಿರ್ದೇಶನ ಬರೆದಿಡಬಹುದು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ತನಗೆ ಮಾತಾಡಲಾಗದಾಗ ತನ್ನ ಪರ ಯಾರು ಮಾತಾಡಬೇಕು ಎಂದು ಒಬ್ಬರಿಗಿಂತ ಹೆಚ್ಚು ಜನರ ಹೆಸರನ್ನೂ ಬರೆಯಬಹುದು. ಚಿಕಿತ್ಸೆ ಹಿಂತೆಗೆಯಬೇಕಾದಾಗ ಆಸ್ಪತ್ರೆಯ ಮೂವರು ವೈದ್ಯರ ಮಂಡಳಿ ನೋಡುತ್ತದೆ, ಇನ್ನೊಂದು ಮಂಡಳಿ ಮರುಪರಿಶೀಲಿಸುತ್ತದೆ, ಮ್ಯಾಜಿಸ್ಟ್ರೇಟರಿಗೆ ತಿಳಿಸುತ್ತಾರೆ. ಕರ್ನಾಟಕ ಸರ್ಕಾರ 2025ರ ಜನವರಿ ಕೊನೆಯಲ್ಲಿ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಪತ್ರಿಕೆಗಳೆಲ್ಲ ‘ದಯಾಮರಣಕ್ಕೆ ಅಸ್ತು’ ಎಂಬರ್ಥದಲ್ಲಿ ಬರೆದದ್ದು ನನಗೆ ಸರಿಕಾಣಲಿಲ್ಲ. ಇಂಜೆಕ್ಷನ್ ಕೊಟ್ಟು ಸಾಯಿಸುವುದು ನಮ್ಮಲ್ಲಿ ಅಂದೂ ಅಪರಾಧ, ಇಂದೂ ಅಪರಾಧ. ಕಾಯಿಲೆ ತನ್ನ ದಾರಿಯಲ್ಲಿ ಹೋಗುವಾಗ ಅಡ್ಡ ನಿಲ್ಲದಿರುವುದು ಬೇರೆ.

ಈ ವ್ಯವಸ್ಥೆ ಊರೂರಿಗೆ ತಲುಪದಿದ್ದರೆ ಆಗುವುದೇನು ಎಂಬುದು ಆಸ್ಪತ್ರೆ ಬಾಗಿಲಲ್ಲಿ ಕೂತ ಎಲ್ಲರಿಗೂ ಗೊತ್ತು. ದುಡ್ಡು ಮುಗಿದ ದಿನ ‘ವೈದ್ಯರ ಸಲಹೆ ಮೀರಿ ಕರೆದೊಯ್ಯುತ್ತಿದ್ದೇವೆ’ ಎಂದು ಬರೆದುಕೊಟ್ಟು, ಆಂಬುಲೆನ್ಸಿನಲ್ಲಿ ಕೈಯಿಂದ ಗಾಳಿಚೀಲ ಹಿಸುಕುತ್ತ ಮನೆ ಮುಟ್ಟಿಸುತ್ತಾರೆ. ಮನೆಯಲ್ಲಿ ಮಾರ್ಫಿನ್ ಇಲ್ಲ, ಉಸಿರುಗಟ್ಟುವುದನ್ನು ಶಮನ ಮಾಡುವವರಿಲ್ಲ. ಅದನ್ನು ಯಾವ ಬಾಯಿಂದ ಘನತೆ ಎನ್ನೋಣ? ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಬೆಂಗಳೂರಿನ ಕರುಣಾಶ್ರಯದಂಥ ಕಡೆ ನೋವು ಶಮನವೇ ಒಂದು ಪೂರ್ತಿ ವೈದ್ಯಕೀಯ. ಕಾರವಾರದಲ್ಲೋ ಕುಮಟಾದಲ್ಲೋ ಇರುವವರಿಗೆ ಅದು ಬೇಡವೆ?

ಇನ್ನು ನಿಮ್ಮ ಪತ್ರದ ಮೂರನೇ ಹಾಳೆ. ಅಲ್ಲಿ ನೀವು ಅವಸರದಲ್ಲಿ ಎಂಬಂತೆ ಒಂದು ಮಾತು ಬರೆದು ಮುಂದೆ ಹೋಗಿದ್ದೀರಿ. ಹಿಂದಿನ ಶ್ರಾವಣದಲ್ಲಿ ಅಪ್ಪ ತಮ್ಮ ಗೆಳೆಯರೊಬ್ಬರನ್ನು ಐಸಿಯುನಲ್ಲಿ ನೋಡಿ ಬಂದು, ಜಗುಲಿಯಲ್ಲಿ ಕೂತು, ‘ಅವನ ಕೈ ಮಂಚಕ್ಕೆ ಕಟ್ಟಿ ಇಟ್ಟಿದ್ರು ಮಗಾ. ನನ್ನ ಹಾಗೆ ಕಟ್ಟಿ ಹಾಕಿಸಬೇಡ’ ಎಂದರು ಎಂದು. ನಾನು ಆ ಸಾಲನ್ನು ಎಷ್ಟು ಸಲ ಓದಿದೆನೋ. ನೋಟರಿ ಇರಲಿಲ್ಲ, ಸಾಕ್ಷಿಗಳು ಇರಲಿಲ್ಲ, ಆದರೆ ನಿಮ್ಮ ಅಪ್ಪ ತಮಗೇನು ಬೇಕು ಎಂದು ಸ್ವಂತ ಬಾಯಿಂದ, ತಾವು ಆರಿಸಿದವರ ಹತ್ತಿರ ಹೇಳಿದ್ದರು. ಆ ರಾತ್ರಿ ನೀವು ಸ್ವಲ್ಪ ಹೊತ್ತು ನಿಂತಿರಲ್ಲ, ಆಗ ನಿಮಗೆ ನೆನಪಾದದ್ದು ಜಗುಲಿಯ ಆ ಮಾತೇ ಇರಬೇಕು. ಬೆಳಗಿನ ಜಾವ ನಿಮ್ಮನ್ನು ಒಳಗೆ ಬಿಟ್ಟರು, ಚಮಚದಲ್ಲಿ ನೀರು ಬಿಟ್ಟೆ, ಗುಟುಕು ಇಳಿಯಿತು ಎಂದೂ ಬರೆದಿದ್ದೀರಿ. ನಮ್ಮ ಅಮ್ಮನಿಗೆ ಅದು ಆಗಲಿಲ್ಲ.

ವರ್ಷಾಂತಿಕಕ್ಕೆ ಅಣ್ಣ ಮಸ್ಕತ್ತಿನಿಂದ ಬರುತ್ತಾರೆ, ಅವರ ಮುಖ ಹೇಗೆ ನೋಡಲಿ ಎಂದಿದ್ದೀರಿ. ಅವರು ದೂರದಲ್ಲಿದ್ದರು, ಜಗುಲಿಯ ಮಾತು ಅವರ ಕಿವಿಗೆ ಬಿದ್ದಿಲ್ಲ. ‘ಎಲ್ಲ ಮಾಡಿಸು’ ಎಂದದ್ದು ಅಪ್ಪನ ಮೇಲಿನ ಪ್ರೀತಿಯಿಂದ, ನಾವು ಮೂವರು ಅಂದ ಹಾಗೆಯೇ. ನಿಮ್ಮ ಪತ್ರದ ಮೂರನೇ ಹಾಳೆಯನ್ನು ಈ ಉತ್ತರದ ಜೊತೆ ಅಂಚೆಯಲ್ಲಿ ಹಿಂದಕ್ಕೆ ಕಳಿಸುತ್ತಿದ್ದೇನೆ. ಕಾರ್ಯ ಮುಗಿದು ನೆಂಟರು ಹೊರಟ ಮೇಲೆ, ಅದೇ ಜಗುಲಿಯಲ್ಲಿ ಕೂತು, ಅಣ್ಣನಿಗೆ ಓದಿ ಹೇಳಿ.

— ಸಂಪಾದಕ