ದೋಸೆ ಕೊಡಿಸಿ ಮುಗಿಸುವ ವಿಷಯ ಅಲ್ಲ ಇದು

ಈ ವಾರದ ಒಂದು ಪತ್ರ ಓದಿ ನನಗೆ ಸಿಟ್ಟು ಬಂತು. ಬರೆದವರ ಮೇಲೆ ಸ್ವಲ್ಪ, ಅವರ ಮ್ಯಾನೇಜರ್ ಮೇಲೆ ಜಾಸ್ತಿ.

ವಿಷಯ ಇಷ್ಟು. ಅವರು ರಾಜಾಜಿನಗರದ ಒಂದು ಆಡಿಟರ್ ಆಫೀಸಿನಲ್ಲಿದ್ದಾರೆ. ಟೀಮ್ ಲೀಡರ್ ಆಗಿ ಎರಡೇ ತಿಂಗಳಾಗಿದೆ. ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿಯ ಜಿಎಸ್‌ಟಿಆರ್-1, ಅಂದರೆ ಮಾರಿದ ಬಿಲ್ಲುಗಳ ವಿವರ ಕೊಡುವ ರಿಟರ್ನ್, ಹೋದ ತಿಂಗಳು 11ರೊಳಗೆ ಫೈಲ್ ಆಗಲಿಲ್ಲ. ಅಲ್ಲಿಂದ ಮಾಲು ಕೊಂಡ ಕಂಪನಿ ಬಿಲ್ಲಿನ ಜಿಎಸ್‌ಟಿ ಹಣ ತಡೆಹಿಡಿಯಿತು. ಫ್ಯಾಕ್ಟರಿ ಓನರ್ ಫೋನ್ ಮಾಡಿ ಕೂಗಾಡಿದರು. ಸೋಮವಾರದ ಮೀಟಿಂಗ್‌ನಲ್ಲಿ ಮ್ಯಾನೇಜರ್ ಎಲ್ಲರ ಎದುರು 'ಇದು ಯಾರ ಕೆಲಸ?' ಎಂದರು. ಇವರು ಟೀಮಿನ ಹುಡುಗನ ಹೆಸರು ಹೇಳಿಬಿಟ್ಟರು. 'ಸುಳ್ಳೇನೂ ಹೇಳಲಿಲ್ಲ, ಫೈಲ್ ಅವನದ್ದೇ' ಎಂದು ಬರೆದಿದ್ದಾರೆ. ಅವತ್ತಿನಿಂದ ಹುಡುಗ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾನಂತೆ. 'ದೋಸೆ ತಿನ್ನಲು ಕರೆದುಕೊಂಡು ಹೋಗಿ ಸಾರಿ ಕೇಳಲಾ? ಆದರೆ ಲೀಡರ್ ಆದವಳು ತಪ್ಪು ಒಪ್ಪಿಕೊಂಡರೆ ಯಾರಾದರೂ ಬೆಲೆ ಕೊಡುತ್ತಾರಾ?'

ಮೇಡಂ, ನಿಮ್ಮ ಪತ್ರದ ನಡುವೆ ಒಂದು ಸಾಲು ಸುಮ್ನೆ ಬಂದು ಹೋಗಿದೆ. '11ರ ಮಧ್ಯಾಹ್ನ ಅವನು, ಓಟಿಪಿಗೆ ಓನರ್ ನನ್ನ ಫೋನ್ ಎತ್ತುತ್ತಿಲ್ಲ ಅಕ್ಕ, ನೀವೊಂದ್ಸಲ ಮಾಡ್ತೀರಾ ಅಂತ ವಾಟ್ಸಾಪ್ ಹಾಕಿದ್ದ. ನಾನು ಬೇರೆ ಫೈಲಲ್ಲಿದ್ದೆ.' ನೀವು ಅಲ್ಲಿಂದ ಮುಂದಕ್ಕೆ ಹೋಗಿಬಿಟ್ಟಿರಿ. ನಾನು ಅಲ್ಲೇ ನಿಂತೆ.

ಹುಡುಗ ರಿಟರ್ನ್ ರೆಡಿ ಮಾಡಿದ್ದ. ಬಾಕಿ ಇದ್ದದ್ದು ಓನರ್ ಮೊಬೈಲಿಗೆ ಹೋಗುವ ಓಟಿಪಿ. ಕೆಲಸಕ್ಕೆ ಸೇರಿ ವರ್ಷವಾಗದ ಹುಡುಗನ ಫೋನನ್ನು ಪೀಣ್ಯದ ಓನರ್ ಎತ್ತುವುದಿಲ್ಲ, ನಿಮ್ಮದನ್ನು ಎತ್ತುತ್ತಾರೆ. ನಿಮ್ಮನ್ನು ಲೀಡರ್ ಮಾಡಿದ್ದೇ ಇಂಥ ಕೆಲಸಕ್ಕೆ ಅಲ್ವಾ? 11 ತಪ್ಪಿದರೆ ಏನಾಗುತ್ತದೆ ಎಂದು ನಾನು ನಿಮಗೆ ಹೇಳಿಕೊಡಬೇಕಿಲ್ಲ. 14ನೇ ತಾರೀಖು ಕೊಂಡವರಿಗೆ ಬರುವ ಬಿಲ್ಲುಗಳ ಪಟ್ಟಿ, ಜಿಎಸ್‌ಟಿಆರ್-2ಬಿಯಲ್ಲಿ ಆ ಬಿಲ್ಲು ಇರುವುದಿಲ್ಲ. ಅದರಲ್ಲಿ ಕಾಣದ ಬಿಲ್ಲಿಗೆ ಕೊಂಡವರು ಕ್ರೆಡಿಟ್ ತೆಗೆದುಕೊಳ್ಳುವ, ಅಂದರೆ ಆ ಜಿಎಸ್‌ಟಿಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಹಾಗಿಲ್ಲ, 2022ರಿಂದ ರೂಲ್ ಅಷ್ಟು ಬಿಗಿ. 12ಕ್ಕೆ ಫೈಲ್ ಮಾಡಿದರೂ ಮುಂದಿನ ತಿಂಗಳ 2ಬಿಯೇ ಗತಿ. ಒಂದು ಫೋನ್ ಕಾಲ್ ತಪ್ಪಿದ್ದಕ್ಕೆ ಓನರ್ ದುಡ್ಡು ಒಂದು ತಿಂಗಳು ಸಿಕ್ಕಿಹಾಕಿಕೊಂಡಿತು. ಆ ಕಾಲ್ ಹುಡುಗನದಲ್ಲ.

ನಿಮ್ಮ ಮ್ಯಾನೇಜರ್‌ಗೂ ಒಂದು ಮಾತು ಇದೆ. ಡೆಡ್‌ಲೈನ್ ತಪ್ಪಿದಾಗ 'ಎಲ್ಲಿ ತಪ್ಪಿತು' ಎಂದು ಕೇಳಬೇಕು. ತುಂಬಿದ ರೂಮಿನಲ್ಲಿ 'ಯಾರು' ಎಂದು ಕೇಳಿದರೆ, ಎರಡು ತಿಂಗಳ ಹೊಸ ಲೀಡರ್ ಹೆದರಿ ಕೈ ತೋರಿಸದೆ ಇನ್ನೇನು ಮಾಡುತ್ತಾಳೆ? ಚೆನ್ನಾಗಿ ರಿಟರ್ನ್ ಹಾಕುತ್ತಿದ್ದವರನ್ನು ಒಂದು ದಿನದ ತರಬೇತಿಯೂ ಇಲ್ಲದೆ ಲೀಡರ್ ಮಾಡಿಬಿಡುವ ಚಾಳಿ ಈ ಊರಲ್ಲಿ ಆಡಿಟರ್ ಆಫೀಸಿನಿಂದ ಐಟಿ ಪಾರ್ಕಿನವರೆಗೆ ಇದೆ. ಇದನ್ನು ಈ ಅಂಕಣದಲ್ಲಿ ಹೇಳಿ ಹೇಳಿ ನನಗೇ ಬೇಜಾರಾಗಿದೆ. ಆದರೆ ಪತ್ರ ಬರೆದದ್ದು ನಿಮ್ಮ ಮ್ಯಾನೇಜರ್ ಅಲ್ಲ, ನೀವು.

ಇನ್ನು ದೋಸೆ. ಬೇಡ. ಹೆಸರು ಹೋದದ್ದು ಎಲ್ಲರ ಎದುರು, ಸಾರಿ ಮಾತ್ರ ದರ್ಶಿನಿಯ ಮೂಲೆಯಲ್ಲಾ? ಮೀಟಿಂಗ್‌ನಲ್ಲಿದ್ದ ಉಳಿದವರ ತಲೆಯಲ್ಲಿ ಅವನು ಡೆಡ್‌ಲೈನ್ ತಪ್ಪಿಸಿದ ಹುಡುಗನಾಗಿಯೇ ಉಳಿಯುತ್ತಾನೆ. ಮಾರ್ಚ್‌ನಲ್ಲಿ ಇನ್‌ಕ್ರಿಮೆಂಟ್ ಮಾತು ಬಂದಾಗ ಆ ದೋಸೆ ಯಾರಿಗೂ ನೆನಪಿರುವುದಿಲ್ಲ.

1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿತ್ತಲ್ಲ, ಆ ಕಥೆ ನೀವೂ ಕೇಳಿರುತ್ತೀರಿ. ಯೋಜನೆ ಕಲಾಂ ಅವರ ಕೈಯಲ್ಲಿತ್ತು, ಇಸ್ರೋ ಅಧ್ಯಕ್ಷರು ಸತೀಶ್ ಧವನ್. ಹೊಣೆ ಹೊತ್ತವರು ಧವನ್. ಎಲ್ಲರೂ ಇದನ್ನು ದೊಡ್ಡತನದ ಕಥೆಯಾಗಿ ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಜಾಗ. ಧವನ್ ಮಾತಾಡಿದ್ದು ಕಲಾಂ ಅವರನ್ನು ಪಕ್ಕಕ್ಕೆ ಕರೆದು ಅಲ್ಲ, ಪತ್ರಕರ್ತರ ಮುಂದೆ. 1980ರ ಜುಲೈನಲ್ಲಿ ರಾಕೆಟ್ ಗೆದ್ದಾಗ ಅದೇ ಪತ್ರಕರ್ತರ ಮುಂದೆ ಕಲಾಂ ಅವರನ್ನು ಕಳಿಸಿದರು.

ಆದ್ದರಿಂದ ನಿಮಗೆ ಒಂದೇ ಕೆಲಸ. ಬರುವ ಸೋಮವಾರ, ಅದೇ ಮೀಟಿಂಗ್‌ನಲ್ಲಿ, ಬೇರೆ ವಿಷಯ ಶುರುವಾಗುವ ಮೊದಲು ಹೇಳಿ: 'ಪೀಣ್ಯದ ಫೈಲ್ ತಪ್ಪಿದ್ದು ನನ್ನಿಂದ. 11ರ ಮಧ್ಯಾಹ್ನವೇ ಇವನು ನನಗೆ ತಿಳಿಸಿದ್ದ, ನಾನು ಓನರ್‌ಗೆ ಫೋನ್ ಮಾಡಲಿಲ್ಲ. ಹೋದ ಸಲ ಇವನ ಹೆಸರು ಹೇಳಿದ್ದು ಸರಿಯಲ್ಲ.' ಅಷ್ಟೇ. 'ಆದರೆ ಅವತ್ತು ಕೆಲಸ ಜಾಸ್ತಿ ಇತ್ತು' ಎಂದು ಸೇರಿಸಬೇಡಿ. ಅಳಬೇಡಿ. ಹುಡುಗನ ಮುಖ ನೋಡುತ್ತಾ ನಿಲ್ಲಬೇಡಿ, ಪಾಪ, ಅವನಿಗೆ ಮುಜುಗರ. ಬೆಳಿಗ್ಗೆಯೇ ಅವನಿಗೆ ಒಂದು ಮಾತು ತಿಳಿಸಿರಿ, ಅಷ್ಟು ಸಾಕು.

ಬೆಲೆ ಸಿಗುತ್ತದಾ ಎಂದು ಕೇಳಿದಿರಿ. ಮ್ಯಾನೇಜರ್ ಹತ್ತಿರ ಸಿಗದೆ ಹೋಗಬಹುದು, ಒಂದೆರಡು ಮಾತು ಕೇಳಬೇಕಾಗಿಯೂ ಬರಬಹುದು. ಕೇಳಿಸಿಕೊಳ್ಳಿ. ಆದರೆ ಮುಂದಿನ ತಿಂಗಳು ಯಾವುದಾದರೂ ಫೈಲ್ ಸಿಕ್ಕಿಕೊಂಡರೆ ನಿಮ್ಮ ಟೀಮಿನವರು ಅದನ್ನು ಮುಚ್ಚಿಡದೆ ಮಧ್ಯಾಹ್ನವೇ ನಿಮಗೆ ಹೇಳುತ್ತಾರೆ. ಈಗಿನ ಸ್ಥಿತಿಯಲ್ಲಿ 12ನೇ ತಾರೀಖು ಹೇಳುತ್ತಾರೆ.

ಪೀಣ್ಯದ ಓನರ್‌ಗೆ ತಡವಾಯಿತೆಂದು ಒಮ್ಮೆ ಸಾರಿ ಹೇಳಿ, ಜಾಸ್ತಿ ಬಗ್ಗಬೇಡಿ. ಫೋನ್ ಎತ್ತದೆ ಕೂತವರೂ ಅವರೇ. ಮುಂದಿನ ತಿಂಗಳು ಅವರಿಗೆ 9ಕ್ಕೇ ಫೋನ್ ಮಾಡಿ. ಹುಡುಗನ ಕೈಲಿ ಮಾಡಿಸಬೇಡಿ.