ಬಾಡಿಗೆ ಒಂದನ್ನೇ ನೋಡಿದರೆ ಲೆಕ್ಕ ತಪ್ಪುತ್ತದೆ

ದೊಡ್ಡ ನಗರವೊಂದರಲ್ಲಿ ಈಗಿನದರ ಒಂದೂವರೆ ಪಟ್ಟು ಸಂಬಳದ ಕೆಲಸ ಸಿಕ್ಕಿದೆಯೆಂದೂ, ಸಂಬಳದ ಶೇ. 30ಕ್ಕಿಂತ ಹೆಚ್ಚು ಬಾಡಿಗೆ ಕೊಡಬಾರದೆಂಬ ಸ್ನೇಹಿತರ ಮಾತಿನಂತೆ ನಗರದ ಹೊರವಲಯದಲ್ಲಿ ಮನೆ ಹಿಡಿಯುವುದು ಸರಿಯೇ ಎಂದೂ ಕೇಳಿದ್ದೀರಿ.

ಮೊದಲು ಆ ಶೇ. 30ರ ಮಾತು. ಅಮೆರಿಕದಲ್ಲಿ ಸೆನೆಟರ್ ಎಡ್ವರ್ಡ್ ಬ್ರೂಕ್ ಅವರ ಹೆಸರಿನ 1969ರ ತಿದ್ದುಪಡಿಯು, ಸಾರ್ವಜನಿಕ ವಸತಿಗಳಲ್ಲಿರುವ ಬಡವರಿಂದ ಅವರ ಆದಾಯದ ಶೇ. 25ಕ್ಕಿಂತ ಹೆಚ್ಚು ಬಾಡಿಗೆ ಪಡೆಯಬಾರದೆಂದು ವಿಧಿಸಿತು. 1981ರಲ್ಲಿ ಆ ಮಿತಿ ಶೇ. 30ಕ್ಕೆ ಏರಿತು. ಬಾಡಿಗೆ ಪಡೆಯುವವರಿಗೆ ಹಾಕಿದ ಕಟ್ಟು ಈಗ ಬಾಡಿಗೆ ಕೊಡುವವರಿಗೆ ಹೇಳುವ ಬುದ್ಧಿಮಾತಾಗಿರುವುದು ವಿಚಿತ್ರವೇ ಸರಿ. ಆದಾಯ ಕಡಿಮೆಯಾದಷ್ಟೂ ಅದರಲ್ಲಿ ಬಾಡಿಗೆಯ ಪಾಲು ಹೆಚ್ಚುತ್ತದೆಂದು ಜರ್ಮನಿಯ ಅಂಕಿಅಂಶ ತಜ್ಞ ಹರ್ಮನ್ ಶ್ವಾಬೆ ಬರ್ಲಿನ್ ನಗರದ ಲೆಕ್ಕಗಳಿಂದ 1868ರಲ್ಲೇ ತೋರಿಸಿದ್ದರು. ಆದ್ದರಿಂದ ನಿಮ್ಮ ಬಾಡಿಗೆ ಆ ಗೆರೆ ದಾಟಿದರೆ ಅದನ್ನು ನಿಮ್ಮ ದುಂದುಗಾರಿಕೆಯೆಂದು ಭಾವಿಸಬೇಕಾಗಿಲ್ಲ.

ಇನ್ನು ಹೊರವಲಯದ ಮನೆ. ನಡುವಿನಿಂದ ದೂರ ಹೋದಂತೆ ಬಾಡಿಗೆ ಇಳಿಯುವುದು ಬಹುಪಾಲು ಓಡಾಟದ ಹೊರೆ ಏರುವುದರಿಂದಲೇ. ಅಲ್ಲಿ ಉಳಿದದ್ದರಲ್ಲಿ ಒಂದಷ್ಟು ದಾರಿಯಲ್ಲೇ ಕರಗುತ್ತದೆ. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆಯೆಂದು ಹಿಡಿದರೆ, ತಿಂಗಳ 22 ಕೆಲಸದ ದಿನಗಳಿಗೆ 66 ಗಂಟೆಗಳಾದವು, ಅಂದರೆ ದಿನಕ್ಕೆ ಎಂಟು ಗಂಟೆಯಂತೆ ಎಂಟು ದಿನಕ್ಕೂ ಮಿಗಿಲಾದ ಸಂಬಳವಿಲ್ಲದ ದುಡಿಮೆ. ರಾತ್ರಿ ಒಂಬತ್ತಕ್ಕೆ ಬಾಗಿಲು ತೆರೆದವರು ಒಲೆ ಹಚ್ಚುವುದು ಅಪರೂಪ. ಹೊರಗಿನ ಊಟದ ಖರ್ಚೂ ಆ ಅಗ್ಗದ ಮನೆಯ ಬಾಬತ್ತಿಗೇ ಸೇರಬೇಕು. ಎರಡು ಮನೆಗಳನ್ನು ಹೋಲಿಸುವಾಗ ಬಾಡಿಗೆ, ಪ್ರಯಾಣ, ಊಟ ಮೂರನ್ನೂ ಕೂಡಿಸಿ ನೋಡಿ.

ನಿಮ್ಮ ಪತ್ರದಲ್ಲಿ ಮೊದಲ ತಿಂಗಳ ಪ್ರಸ್ತಾಪವೇ ಇಲ್ಲದಿರುವುದು ನನಗೆ ಹೆಚ್ಚು ಆತಂಕ ತಂದಿತು. ಹೊಸಬರು ಸೋಲುವುದು ಸಾಮಾನ್ಯವಾಗಿ ಅಲ್ಲಿಯೇ. ಠೇವಣಿ, ದಲ್ಲಾಳಿಯ ಕಮಿಷನ್, ಸಾಮಾನು ಸಾಗಣೆಯ ಬಾಡಿಗೆ, ಇವೆಲ್ಲ ಮೊದಲ ಸಂಬಳ ಕೈಸೇರುವ ಮುನ್ನವೇ ಹೋಗುತ್ತವೆ. ಜೊತೆಗೆ ಬರಿದಾದ ಮನೆಗೆ ಕಾಲಿಟ್ಟ ಸಂಜೆಯೇ ಬಲ್ಬು, ಬೀಗ, ಪೊರಕೆ, ಹಾಸಿಗೆ, ಕಿಟಕಿಯ ಪರದೆಯೆಂದು ಚಿಲ್ಲರೆ ಖರ್ಚು ಶುರುವಾಗುತ್ತದೆ. ಯಾವುದು ಎಲ್ಲಿ ಅಗ್ಗವೆಂದು ತಿಳಿಯದ ಕಾರಣ ಕಣ್ಣಿಗೆ ಬಿದ್ದ ಮೊದಲ ಅಂಗಡಿಯ ಬೆಲೆಯೇ ಗತಿ. ಠೇವಣಿ ಮುಂದೆಂದೋ ಮರಳಿ ಬರುವ ಹಣವಾದರೂ ಅದಕ್ಕಾಗಿ ಸಾಲ ಮಾಡಿದರೆ ಬಡ್ಡಿ ಮರಳುವುದಿಲ್ಲ.

ಆದಕಾರಣ ಮೊದಲ ಎರಡು ಮೂರು ತಿಂಗಳು ಕೆಲಸದ ಸ್ಥಳಕ್ಕೆ ಹತ್ತಿರದಲ್ಲಿ, ಇಕ್ಕಟ್ಟಾದರೂ ಸರಿ, ಯಾರೊಂದಿಗಾದರೂ ಕೊಠಡಿ ಹಂಚಿಕೊಂಡಿರಿ. ದೀರ್ಘಾವಧಿಯ ಕರಾರಿಗೆ ಸಹಿ ಹಾಕುವ ಮುನ್ನ ಹೊರವಲಯದ ಆ ಮನೆಯಿಂದ ಕಚೇರಿಗೆ ಕೆಲಸದ ದಿನವೊಂದರಲ್ಲಿ, ಬೆಳಗಿನ ದಟ್ಟಣೆಯ ಹೊತ್ತಿನಲ್ಲೇ, ಒಮ್ಮೆ ಪ್ರಯಾಣ ಮಾಡಿ ನೋಡಿ.